ಸರಳ ಜಾಲತಾಣದ ರಚನೆ ಮತ್ತು ವ್ಯವಸ್ಥೆ

ಜಾಲತಾಣವೆಂಬ ಶಬ್ದವು ಇಂದು ಪ್ರಾಥಮಿಕ ಶಾಲೆಯ ಬಾಲಕರಿಗೂ ಪರಿಚಿತವಾಗಿದೆ. ಪರೀಕ್ಷೆಯ ಫಲಿತಾಂಶ, ರೈಲಿನ ವೇಳಾಪಟ್ಟಿ, ಹೊಲದ ಪಹಣಿ ಇವೆಲ್ಲವೂ ಅಲ್ಲಿಯೇ ದೊರೆಯುತ್ತಿರುವಾಗ ಅದು ಅಪರಿಚಿತವಾಗಿ ಉಳಿಯುವುದಾದರೂ ಹೇಗೆ? ಆದರೆ ಅದು ಯಾವ ವಸ್ತುವಿನಿಂದ ಆದುದು, ಅದನ್ನು ಕಟ್ಟುವ ಬಗೆ ಯಾವುದು, ಕಟ್ಟಿದ ಮೇಲೆ ಎಷ್ಟು ಕಾಲ ನಿಲ್ಲುತ್ತದೆ ಎಂಬ ಪ್ರಶ್ನೆಗಳನ್ನು ಎತ್ತಿದರೆ ಪದವೀಧರರೂ ತಡವರಿಸುವುದುಂಟು. ಉತ್ತರವು ನಾವು ಊಹಿಸುವುದಕ್ಕಿಂತ ಸರಳವಾಗಿದೆ. ಸಾಮಾನ್ಯ ಜಾಲತಾಣವೆಂದರೆ ಒಂದು ಫೋಲ್ಡರ್. ಅದರೊಳಗೆ ಕೆಲವು ಕಡತಗಳು. ಆ ಕಡತಗಳು ಒಂದನ್ನೊಂದು ಹೆಸರು ಹಿಡಿದು ಕರೆಯುವ ಕೊಂಡಿಗಳು. ಉಳಿದದ್ದೆಲ್ಲ ಅಲಂಕಾರ. ವಿನ್ಯಾಸ ತಂತ್ರಾಂಶವು ಈ ಅಲಂಕಾರವನ್ನು ಕಣ್ಣ ಮುಂದೆ ಹಿಡಿದು ಫೋಲ್ಡರನ್ನು ಮರೆಯಲ್ಲಿಡುತ್ತದೆ. ಹೀಗಾಗಿ ಹೊಸಬರು ಬಣ್ಣ, ಅಂಚು, ಚಿತ್ರಗಳಿಂದ ಕೆಲಸವನ್ನು ಪ್ರಾರಂಭಿಸುತ್ತಾರೆ. ವ್ಯವಸ್ಥೆಯಿಂದ ಪ್ರಾರಂಭಿಸಬೇಕೆಂಬುದೂ, ಏಕೆ ಹಾಗೆ ಪ್ರಾರಂಭಿಸಬೇಕೆಂಬುದೂ ಪ್ರಸ್ತುತ ಲೇಖನದ ವಿಷಯವಾಗಿದೆ.

ಮೊದಲು ಸ್ವಲ್ಪ ಇತಿಹಾಸವನ್ನು ನೋಡೋಣ. ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಅವರು ೧೯೮೯ರ ಮಾರ್ಚಿಯಲ್ಲಿ, ಕೇಂದ್ರದ ಕಾಗದಪತ್ರಗಳನ್ನು ಕೊಂಡಿಗಳ ಮೂಲಕ ಒಂದಕ್ಕೊಂದು ಹೆಣೆಯುವ ಯೋಜನೆಯೊಂದನ್ನು ಮುಂದಿಟ್ಟರು. ದೇಶ ದೇಶಗಳಿಂದ ಬಂದ ವಿಜ್ಞಾನಿಗಳು ಕೆಲವು ವರ್ಷ ದುಡಿದು ಹಿಂದಿರುಗಿದಾಗ ಅವರ ತಿಳಿವಳಿಕೆಯೂ ಅವರೊಡನೆಯೇ ಹೊರಟುಹೋಗುತ್ತಿತ್ತು. ಅದನ್ನು ಹಿಡಿದಿಡುವುದೇ ಅವರ ಉದ್ದೇಶ. ೧೯೯೦ರ ಕೊನೆಯ ಹೊತ್ತಿಗೆ ಮೊದಲ ಬ್ರೌಸರ್ ಸಿದ್ಧವಾಯಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಆ ಮೊದಲ ಬ್ರೌಸರು ಓದುವ ಸಾಧನ ಮಾತ್ರವಾಗಿರಲಿಲ್ಲ, ಬರೆಯುವ ಸಾಧನವೂ ಆಗಿತ್ತು. ಅಂದರೆ ಪುಟವನ್ನು ಕಣ್ಣಿಗೆ ಕಾಣುವಂತೆಯೇ ತಿದ್ದಿ ಉಳಿಸುವ ವಿನ್ಯಾಸ ತಂತ್ರಾಂಶದ ಕಲ್ಪನೆಯು ಜಾಲದಷ್ಟೇ ಹಳೆಯದು. ೧೯೯೩ರ ಏಪ್ರಿಲ್ ೩೦ರಂದು ಸರ್ನ್ ಸಂಸ್ಥೆಯು ತನ್ನ ಜಾಲ ತಂತ್ರಾಂಶವನ್ನು ಸರ್ವಜನಿಕರ ಸ್ವತ್ತೆಂದು ಸಾರಿತು. ಇಂದಿನ ವಿಸ್ತಾರಕ್ಕೆ ಆ ಔದಾರ್ಯವೂ ಒಂದು ಕಾರಣವೆಂದರೆ ತಪ್ಪಾಗದು.

ಅದೇ ದಿನಾಂಕಕ್ಕೆ ಸರಿಯಾಗಿ ಇಪ್ಪತ್ತು ವರ್ಷಗಳ ಅನಂತರ, ೨೦೧೩ರಲ್ಲಿ, ಸರ್ನ್ ಸಂಸ್ಥೆಯವರು ಜಗತ್ತಿನ ಮೊದಲ ಜಾಲತಾಣವನ್ನು ಅದರ ಮೂಲ ವಿಳಾಸದಲ್ಲಿ ಮತ್ತೆ ಪ್ರತಿಷ್ಠಾಪಿಸುವ ಕಾರ್ಯವನ್ನು ಕೈಗೊಂಡರು. ದೊರೆತದ್ದು ೧೯೯೨ರ ಒಂದು ಪ್ರತಿ. ಅದನ್ನು ಇಂದಿನ ಬ್ರೌಸರಿನಲ್ಲಿ ತೆರೆದರೆ ತೆರೆಯುತ್ತದೆ; ಓದಿದರೆ ಓದಲು ಬರುತ್ತದೆ. ಅದನ್ನು ಬರೆದ ಯಂತ್ರವೂ ತಂತ್ರಾಂಶವೂ ವಸ್ತುಸಂಗ್ರಹಾಲಯದ ಪದಾರ್ಥಗಳಾಗಿವೆ. ಬರೆಹ ಮಾತ್ರ ಬದುಕಿದೆ. ಕಾರಣವಿಷ್ಟೆ: ಅದು ಬರಿಯ ಅಕ್ಷರಗಳಲ್ಲಿ, ಎಲ್ಲರಿಗೂ ತಿಳಿದ ಗುರುತುಗಳಲ್ಲಿ ಬರೆದ ಸಾದಾ ಕಡತವಾಗಿತ್ತು.

ಇದಕ್ಕೆ ಪ್ರತಿಯಾದ ಉದಾಹರಣೆಗಳಿಗೇನೂ ಕೊರತೆಯಿಲ್ಲ. ೧೯೯೫ರಲ್ಲಿ ವರ್ಮಿಯರ್ ಎಂಬ ಕಂಪನಿ ಹೊರತಂದ ಫ್ರಂಟ್‌ಪೇಜ್ ಎಂಬ ವಿನ್ಯಾಸ ತಂತ್ರಾಂಶವನ್ನು ಮರುವರ್ಷ ಮೈಕ್ರೋಸಾಫ್ಟ್ ಕಂಪನಿಯು ಕೊಂಡುಕೊಂಡಿತು. ಬಹುಬೇಗ ಅದು ಲಕ್ಷಾಂತರ ಜನರ ಕೈಗೆ ಸಿಕ್ಕಿತು. ಆದರೆ ಅದರ ಹಲವು ಚಮತ್ಕಾರಗಳು, ಉದಾಹರಣೆಗೆ ಭೇಟಿಗಾರರ ಎಣಿಕೆಯ ಫಲಕ, ಹುಡುಕುವ ಪೆಟ್ಟಿಗೆ ಇವು ಕೆಲಸಮಾಡಬೇಕಾದರೆ ತಾಣವಿರುವ ಸರ್ವರಿನಲ್ಲಿ ಫ್ರಂಟ್‌ಪೇಜಿನದೇ ಆದ ವಿಶೇಷ ಅಂಗಗಳನ್ನು ಅಳವಡಿಸಿರಬೇಕಾಗಿತ್ತು. ೨೦೦೬ರಲ್ಲಿ ಆ ತಂತ್ರಾಂಶವೇ ನಿಂತುಹೋಯಿತು. ಸರ್ವರುಗಳು ಆ ಅಂಗಗಳನ್ನು ಕಳಚಿದಂತೆಲ್ಲ ಚಮತ್ಕಾರಗಳೂ ಮೌನವಾದವು. ಫ್ಲ್ಯಾಶ್ ಎಂಬ ಚಲನಚಿತ್ರ ಸಾಧನದ ಗತಿಯೂ ಅಷ್ಟೆ. ಇಡೀ ತಾಣಗಳನ್ನೇ ಅದರಲ್ಲಿ ಕಟ್ಟಿದವರಿದ್ದರು. ೨೦೨೦ರ ಡಿಸೆಂಬರ್ ೩೧ರಂದು ಅದರ ಆಶ್ರಯ ಮುಗಿಯಿತು.

ಇವೆಲ್ಲಕ್ಕಿಂತ ಕರುಣಾಜನಕವಾದುದು ಜಿಯೋಸಿಟೀಸ್ ಎಂಬ ಉಚಿತ ತಾಣಗಳ ನೆಲೆಯ ಕಥೆ. ೧೯೯೪ರಲ್ಲಿ ಆರಂಭವಾದ ಅದು ತನ್ನ ನಿವಾಸಿಗಳನ್ನು ಊರಿನ ಕೇರಿಗಳಂತೆ ವಿಂಗಡಿಸಿತ್ತು. ಗಣಕಾಸಕ್ತರಿಗೆ ಸಿಲಿಕಾನ್ ವ್ಯಾಲಿ, ಸಾಹಿತ್ಯ ಶಿಕ್ಷಣಗಳವರಿಗೆ ಅಥೆನ್ಸ್, ಹೀಗೆ ಕೇರಿಯ ಹೆಸರು ಮತ್ತು ಮನೆಯ ಸಂಖ್ಯೆಯೇ ಪುಟದ ವಿಳಾಸ. ಸೊಗಸಾದ ಏರ್ಪಾಡು. ೧೯೯೯ರಲ್ಲಿ ಅದನ್ನು ಯಾಹೂ ಕಂಪನಿ ಕೊಂಡಿತು. ೨೦೦೯ರ ಅಕ್ಟೋಬರ್ ೨೬ರಂದು ಅಮೆರಿಕದ ನೆಲೆಯನ್ನು ಮುಚ್ಚಿತು. ನೆಲೆ ಒದಗಿಸಿದ್ದ ಸಾಧನದಿಂದಲೇ ಪುಟಗಳನ್ನು ಅಲ್ಲಿಯೇ ರಚಿಸಿ ತಮ್ಮ ಬಳಿ ಪ್ರತಿಯನ್ನು ಇಟ್ಟುಕೊಳ್ಳದವರ ಪುಟಗಳು ಮನೆಯೊಡನೆಯೇ ಹೋದವು. ಇಂಟರ್ನೆಟ್ ಆರ್ಕೈವ್ ಮೊದಲಾದ ಸಂಗ್ರಾಹಕರು ಸೆರೆಹಿಡಿದಷ್ಟು ಉಳಿಯಿತು. ಆದುದರಿಂದ ತಂತ್ರಾಂಶವನ್ನು ಆರಿಸುವಾಗ ವಿದ್ಯಾರ್ಥಿಗಳು ಕೇಳಬೇಕಾದ ಮೊದಲ ಪ್ರಶ್ನೆ "ಇದು ಏನೇನು ಮಾಡಿಕೊಡುತ್ತದೆ" ಎಂಬುದಲ್ಲ. "ಇದು ಇಲ್ಲವಾದ ದಿನ ನನ್ನ ಬಳಿ ಏನು ಉಳಿಯುತ್ತದೆ" ಎಂಬುದು.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಒಂದು ತಂತ್ರಾಂಶವನ್ನು ಹತ್ತಿರದಿಂದ ನೋಡೋಣ. ೧೯೯೭ರ ಡಿಸೆಂಬರಿನಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ಹೊರತಂದ, ೨೦೦೫ರಲ್ಲಿ ಆ ಕಂಪನಿಯೊಡನೆ ಅಡೋಬಿಯ ವಶಕ್ಕೆ ಬಂದ ಡ್ರೀಮ್‌ವೀವರನ್ನು ಇಲ್ಲಿ ತೆಗೆದುಕೊಂಡಿದೆ. ಅದು ಹಣ ತೆತ್ತು ಪಡೆಯಬೇಕಾದ ತಂತ್ರಾಂಶ. ನೆಟ್‌ಸ್ಕೇಪ್ ಕಂಪೋಸರಿನ ವಂಶದಲ್ಲಿ ಬಂದ ಎನ್‌ವಿಯು, ಕೊಂಪೋಝರ್ ಮೊದಲಾದವು ಉಚಿತವಾಗಿ ದೊರೆತಂಥವು. ಅಂಥವುಗಳನ್ನು ಬಳಸುವವರಿಗೂ ಮುಂದೆ ಹೇಳುವ ಮಾತುಗಳಲ್ಲಿ ಬಹುಪಾಲು ಸಲ್ಲುತ್ತವೆ. ಉದಾಹರಣೆಗಾಗಿ ಒಂದು ಪ್ರೌಢಶಾಲೆಯ ಗ್ರಂಥಾಲಯಕ್ಕೆ ತಾಣವೊಂದನ್ನು ಕಟ್ಟಬೇಕಾಗಿದೆಯೆಂದು ಭಾವಿಸೋಣ. ಗ್ರಂಥಾಲಯದ ಪರಿಚಯ, ವೇಳೆ ಮತ್ತು ನಿಯಮಗಳು, ವಿಷಯವಾರು ಪುಸ್ತಕಗಳ ಪಟ್ಟಿ, ಹೊಸದಾಗಿ ಬಂದ ಪುಸ್ತಕಗಳು, ಶಾಲೆಯ ಹಳೆಯ ಸಂಚಿಕೆಗಳಿಂದ ಆಯ್ದ ವಿದ್ಯಾರ್ಥಿ ಲೇಖನಗಳು: ಇಷ್ಟು ಅದರಲ್ಲಿ ಇರಬೇಕು.

ಗಣಕವನ್ನು ಮುಟ್ಟುವ ಮುನ್ನ ಒಂದು ಹಾಳೆಯನ್ನೂ ಸೀಸದ ಕಡ್ಡಿಯನ್ನೂ ತೆಗೆದುಕೊಳ್ಳತಕ್ಕದ್ದು. ಹಾಳೆಯ ಮೇಲ್ಭಾಗದಲ್ಲಿ ಮುಖಪುಟಕ್ಕೊಂದು ಚೌಕ. ಅದರ ಕೆಳಗೆ ಉಳಿದ ಪುಟಗಳಿಗೆ ಒಂದೊಂದು ಚೌಕ. ಯಾವುದರಿಂದ ಯಾವುದಕ್ಕೆ ಹೋಗಬೇಕೆಂಬುದಕ್ಕೆ ಗೆರೆ. ಗ್ರಂಥಾಲಯಕ್ಕೆ ಬರುವವನು ಏನನ್ನು ಹುಡುಕಿಕೊಂಡು ಬರುತ್ತಾನೆ? ಪುಸ್ತಕ ಇದೆಯೋ ಇಲ್ಲವೋ, ಬಾಗಿಲು ತೆರೆದಿದೆಯೋ ಇಲ್ಲವೋ, ಇವೆರಡನ್ನೇ. ಹಾಗಿರುವಾಗ ಈ ಎರಡು ಪುಟಗಳಿಗೆ ಮುಖಪುಟದಿಂದ ನೇರವಾದ ದಾರಿಯಿರಬೇಕು. ಸಂಸ್ಥೆಯ ಇತಿಹಾಸ, ಸಂದೇಶಗಳು, ಗಣ್ಯರ ಭಾವಚಿತ್ರಗಳು ಅಗತ್ಯವಿದ್ದರೆ ಒಳಗಿರಲಿ, ಹೊಸ್ತಿಲಲ್ಲಿ ಬೇಡ. ನಮ್ಮ ಸಂಸ್ಥೆಗಳ ತಾಣಗಳಲ್ಲಿ ಈ ಕ್ರಮ ತಲೆಕೆಳಗಾಗಿರುವುದೇ ಹೆಚ್ಚೆಂದು ಖೇದದಿಂದ ಹೇಳಬೇಕಾಗಿದೆ.

ಅನಂತರ ಫೋಲ್ಡರು. ತಾಣಕ್ಕಾಗಿ ಒಂದು, ಒಂದೇ ಒಂದು, ಮೂಲ ಫೋಲ್ಡರನ್ನು ರಚಿಸಿ, ತಾಣಕ್ಕೆ ಸೇರಿದ ಪ್ರತಿಯೊಂದು ಕಡತವೂ ಅದರೊಳಗೇ ಇರುವಂತೆ ನೋಡಿಕೊಳ್ಳಬೇಕು. ಅದರೊಳಗೆ ಚಿತ್ರಗಳಿಗೆ ಒಂದು ಉಪಫೋಲ್ಡರು, ಪುಸ್ತಕಪಟ್ಟಿಗಳಿಗೆ ಒಂದು, ಲೇಖನಗಳಿಗೆ ಒಂದು. ಲೇಖನಗಳ ಫೋಲ್ಡರಿನಲ್ಲಿ ವರ್ಷಕ್ಕೊಂದು. ಮುಖಪುಟದ ಕಡತಕ್ಕೆ ಇಂಡೆಕ್ಸ್.ಎಚ್‌ಟಿಎಂಎಲ್ ಎಂದೇ ಹೆಸರಿಡುವುದು ರೂಢಿ. ಯಾವ ಪುಟವೆಂದು ಹೇಳದೆ ತಾಣದ ವಿಳಾಸವನ್ನಷ್ಟೇ ಕೊಟ್ಟವರಿಗೆ ಸರ್ವರು ಸಾಮಾನ್ಯವಾಗಿ ಆ ಹೆಸರಿನ ಕಡತವನ್ನೇ ಕಳುಹಿಸುತ್ತದೆ. ಓದುವ ಅನುಕೂಲಕ್ಕಾಗಿ ಇಲ್ಲಿ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಯಂತ್ರದಲ್ಲಿ ಕಡತಗಳ ಹೆಸರನ್ನು ರೋಮನ್ ಲಿಪಿಯ ಸಣ್ಣ ಅಕ್ಷರಗಳಲ್ಲಿ, ನಡುವೆ ತೆರಪು ಬಿಡದೆ ಬರೆಯುವುದು ಕ್ಷೇಮ. ಇದು ಕೇವಲ ಶಿಸ್ತಿನ ಮಾತಲ್ಲ. ಮನೆಯ ವಿಂಡೋಸ್ ಯಂತ್ರವು ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ಲೆಕ್ಕಿಸುವುದಿಲ್ಲ. ಸರ್ವರುಗಳಲ್ಲಿ ಬಹುಸಂಖ್ಯೆಯವು ಲಿನಕ್ಸ್ ಪದ್ಧತಿಯವಾದುದರಿಂದ ಅವು ಲೆಕ್ಕಿಸುತ್ತವೆ. ಕೊಂಡಿಯಲ್ಲಿ ಸಣ್ಣಕ್ಷರ, ಕಡತದ ಹೆಸರಿನಲ್ಲಿ ದೊಡ್ಡಕ್ಷರ ಇದ್ದರೆ ಮನೆಯಲ್ಲಿ ಎಲ್ಲವೂ ಸರಿಯಾಗಿ ಕಂಡು, ಲೋಕಕ್ಕೆ ಮಾತ್ರ "ಪುಟ ಸಿಗಲಿಲ್ಲ" ಎಂಬ ಉತ್ತರ ಹೋಗುತ್ತದೆ.

ಈಗ ತಂತ್ರಾಂಶವನ್ನು ತೆರೆಯಬಹುದು. ಡ್ರೀಮ್‌ವೀವರಿನ "ಸೈಟ್" ಎಂಬ ಪಟ್ಟಿಯಲ್ಲಿ "ನ್ಯೂ ಸೈಟ್" ಎಂಬುದನ್ನು ಒತ್ತಿದರೆ ಅದು ಮುಖ್ಯವಾಗಿ ಎರಡೇ ಸಂಗತಿಗಳನ್ನು ಕೇಳುತ್ತದೆ: ತಾಣಕ್ಕೆ ನೀವಿಡುವ ಹೆಸರು, ಮತ್ತು ಮೂಲ ಫೋಲ್ಡರು ಎಲ್ಲಿದೆಯೆಂಬುದು. ಇದನ್ನು ತುಂಬದೆಯೇ ಪುಟವನ್ನು ಬರೆಯಲು ಸಾಧ್ಯವಾದುದರಿಂದ ಅನೇಕರು ಇದನ್ನು ದಾಟಿಹೋಗುತ್ತಾರೆ. ಆದರೆ ಇಡೀ ತಂತ್ರಾಂಶದಲ್ಲಿ ಇಷ್ಟು ಪ್ರಯೋಜನಕರವಾದ ಪುಟ ಮತ್ತೊಂದಿಲ್ಲ. ಮೂಲ ಫೋಲ್ಡರು ಯಾವುದೆಂದು ತಿಳಿದ ಮೇಲೆಯೇ ತಂತ್ರಾಂಶವು ಬಿಡಿ ಹಾಳೆಗಳನ್ನು ಒಂದು ಗ್ರಂಥವೆಂದು ಕಾಣತೊಡಗುತ್ತದೆ. ಯಾವ ಕಡತ ಯಾವುದನ್ನು ಕರೆಯುತ್ತದೆಂಬ ಲೆಕ್ಕವನ್ನು ಇಡುತ್ತದೆ. ಮುಂದುವರಿದ ಆಯ್ಕೆಗಳ ಪುಟದಲ್ಲಿ ಚಿತ್ರಗಳ ಫೋಲ್ಡರನ್ನು ಗೊತ್ತುಮಾಡಬಹುದು. ಮೇಲೆ ಹೇಳಿದ ದೊಡ್ಡಕ್ಷರ ಸಣ್ಣಕ್ಷರಗಳ ತಾಳೆಯನ್ನು ನೋಡಬೇಕೆಂದು ಆಜ್ಞಾಪಿಸುವ ಚೌಕವೂ ಅಲ್ಲಿಯೇ ಇರುತ್ತದೆ. ಅದಕ್ಕೆ ಗುರುತು ಹಾಕಿಡುವುದು ಒಳ್ಳೆಯದು.

ಹೊಸ ಪುಟವನ್ನು ತೆರೆದೊಡನೆ, ಒಂದಕ್ಷರ ಬರೆಯುವ ಮೊದಲೇ, ಅದನ್ನು ಮೂಲ ಫೋಲ್ಡರಿನಲ್ಲಿ ಉಳಿಸಬೇಕು. ಇದೇಕೆಂದು ತಿಳಿಯಬೇಕಾದರೆ ಕೊಂಡಿಯ ಸ್ವರೂಪವನ್ನು ಸ್ವಲ್ಪ ವಿಸ್ತಾರವಾಗಿ ವಿವೇಚಿಸಬೇಕಾಗುತ್ತದೆ. ಕೊಂಡಿಯೆಂದರೆ ದಾರಿ ಹೇಳುವ ಮಾತು. ದಾರಿಯನ್ನು ಎರಡು ಬಗೆಯಾಗಿ ಹೇಳಬಹುದು. "ಇಂಥ ಜಿಲ್ಲೆ, ಇಂಥ ತಾಲೂಕು, ಇಂಥ ಊರು, ಇಂಥ ಬೀದಿ" ಎಂದು ಪೂರ್ಣ ವಿಳಾಸವನ್ನು ಹೇಳುವುದು ಒಂದು ಬಗೆ. "ಈ ಮನೆಯ ಪಕ್ಕದ ಸಂದಿಯಲ್ಲಿ ಎರಡನೆಯದು" ಎಂದು ನಿಂತ ನೆಲದಿಂದ ಹೇಳುವುದು ಇನ್ನೊಂದು. ಹೊರಗಿನ ತಾಣಗಳಿಗೆ ಮೊದಲನೆಯದೇ ಬೇಕು. ಆದರೆ ನಮ್ಮದೇ ತಾಣದ ಒಳಗೆ ಎರಡನೆಯದೇ ಸರಿಯಾದುದು; ಅದನ್ನು ಸಾಪೇಕ್ಷ ಕೊಂಡಿಯೆನ್ನಬಹುದು. ಮುಖಪುಟದಿಂದ ಲಾಂಛನದ ಚಿತ್ರವನ್ನು ಕರೆಯುವಾಗ "ಚಿತ್ರಗಳ ಫೋಲ್ಡರಿನಲ್ಲಿರುವ ಲಾಂಛನ" ಎಂದಷ್ಟೇ ಬರೆದರೆ ಸಾಕು. ಲೇಖನಗಳ ಫೋಲ್ಡರಿನಲ್ಲಿರುವ ಪುಟವಾದರೆ "ಒಂದು ಮೆಟ್ಟಿಲು ಮೇಲೆ ಬಂದು, ಚಿತ್ರಗಳ ಫೋಲ್ಡರಿಗೆ ಇಳಿದು, ಲಾಂಛನ" ಎಂದು ಹೇಳಬೇಕು. ಈ ಮೆಟ್ಟಿಲೇರುವ ಗುರುತೇ ಕೊಂಡಿಗಳಲ್ಲಿ ಕಾಣುವ ಎರಡು ಚುಕ್ಕೆಗಳು.

ಇನ್ನೂ ಎಲ್ಲಿಯೂ ಉಳಿಸದ ಪುಟಕ್ಕೆ ನಿಂತ ನೆಲವೇ ಇಲ್ಲ. ಆದುದರಿಂದ ಅಂಥ ಪುಟದಲ್ಲಿ ಚಿತ್ರವನ್ನು ಸೇರಿಸಿದರೆ ಡ್ರೀಮ್‌ವೀವರು ಬೇರೆ ದಾರಿ ಕಾಣದೆ, ನಿಮ್ಮ ಯಂತ್ರದ ಇಂಥ ಡಿಸ್ಕು, ಇಂಥ ಫೋಲ್ಡರು ಎಂದು ಯಂತ್ರದ ಒಳವಿಳಾಸವನ್ನೇ ತಾತ್ಕಾಲಿಕವಾಗಿ ಬರೆದಿಡುತ್ತದೆ. ಪುಟವನ್ನು ಉಳಿಸಿದಾಗ ಅದು ಸರಿಹೋಗಬೇಕು. ಆದರೆ ಚಿತ್ರವು ಮೂಲ ಫೋಲ್ಡರಿನ ಹೊರಗೆಲ್ಲೋ ಇದ್ದರೆ ಒಳವಿಳಾಸವು ಹಾಗೆಯೇ ಉಳಿದೀತು. ಫಲವೇನು? ತಾಣವನ್ನು ಕಟ್ಟಿದ ಯಂತ್ರದಲ್ಲಿ ಚಿತ್ರ ಕಾಣುತ್ತದೆ. ಜಗತ್ತಿನ ಬೇರಾವ ಯಂತ್ರದಲ್ಲಿಯೂ ಕಾಣುವುದಿಲ್ಲ. ಕಟ್ಟಿದವನು "ನನಗೆ ಕಾಣುತ್ತಿದೆಯಲ್ಲ" ಎನ್ನುತ್ತಾನೆ. ನೋಡಿದವನು "ಇಲ್ಲ" ಎನ್ನುತ್ತಾನೆ. ಇಬ್ಬರ ಮಾತೂ ಸತ್ಯವೇ. ಈ ಕಾರಣದಿಂದಲೇ ಹೊರಗಿನ ಚಿತ್ರವನ್ನು ಸೇರಿಸುವಾಗ "ಇದರ ಪ್ರತಿಯನ್ನು ಮೂಲ ಫೋಲ್ಡರಿಗೆ ತರಲೇ?" ಎಂದು ತಂತ್ರಾಂಶವು ಕೇಳುತ್ತದೆ. ಹೌದೆನ್ನಬೇಕು.

ಚಿತ್ರಗಳ ಪ್ರಸ್ತಾಪ ಬಂದುದರಿಂದ ಒಂದು ಲೆಕ್ಕವನ್ನು ಇಲ್ಲಿಯೇ ಹೇಳಿಬಿಡಬಹುದು. ಅಗಲ ೪೦೦೦, ಎತ್ತರ ೩೦೦೦ ಚುಕ್ಕೆಗಳಿರುವ ಮೊಬೈಲಿನ ಛಾಯಾಚಿತ್ರದಲ್ಲಿ ಒಟ್ಟು ೧ ಕೋಟಿ ೨೦ ಲಕ್ಷ ಚುಕ್ಕೆಗಳಿರುತ್ತವೆ. ಅಗಲವನ್ನು ೧೦೦೦ಕ್ಕೆ ಇಳಿಸಿದರೆ ಉಳಿಯುವುದು ೭ ಲಕ್ಷ ೫೦ ಸಾವಿರ, ಅಂದರೆ ಹದಿನಾರರಲ್ಲಿ ಒಂದು ಪಾಲು. ಪುಟದಲ್ಲಿ ಚಿತ್ರದ ಮೂಲೆಯನ್ನು ಹಿಡಿದು ಎಳೆದು ಚಿಕ್ಕದಾಗಿ ತೋರಿಸಿದರೆ ಕಣ್ಣಿಗೆ ಚಿಕ್ಕದಾಗುತ್ತದೆಯೇ ಹೊರತು ಕಡತದ ಭಾರ ಇಳಿಯುವುದಿಲ್ಲ. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಮೊದಲೇ ಕುಗ್ಗಿಸಿ ತರತಕ್ಕದ್ದು.

ಇನ್ನು ರೂಪದ ವಿಚಾರ. ಪ್ರತಿ ಪುಟದಲ್ಲಿಯೂ ಅಕ್ಷರದ ಬಣ್ಣ, ಗಾತ್ರಗಳನ್ನು ಬೇರೆ ಬೇರೆಯಾಗಿ ಬರೆಯುವುದು ಹಳೆಯ ಪದ್ಧತಿ. ಹೋಕನ್ ವಿಯಂ ಲೀ ಎಂಬವರು ೧೯೯೪ರಲ್ಲಿ ಸೂಚಿಸಿ, ೧೯೯೬ರ ಡಿಸೆಂಬರಿನಲ್ಲಿ ಅಧಿಕೃತ ಶಿಫಾರಸಾಗಿ ಹೊರಬಂದ ಶೈಲಿಪಟ್ಟಿಯ ಪದ್ಧತಿಯಲ್ಲಿ, ರೂಪದ ಆಜ್ಞೆಗಳೆಲ್ಲ ಸಿಎಸ್‌ಎಸ್ ಎಂಬ ಪ್ರತ್ಯೇಕ ಕಡತದಲ್ಲಿರುತ್ತವೆ. ಪುಟಗಳು ಅದನ್ನು ಕರೆದುಕೊಳ್ಳುತ್ತವೆ. ಐವತ್ತು ಪುಟಗಳ ಶೀರ್ಷಿಕೆಯ ಬಣ್ಣವನ್ನು ಬದಲಿಸಬೇಕಾದರೆ ಒಂದು ಸಾಲನ್ನು ತಿದ್ದಿದರಾಯಿತು. ಇದೇ ನ್ಯಾಯವನ್ನು ಡ್ರೀಮ್‌ವೀವರಿನ ಟೆಂಪ್ಲೇಟ್ ಎಂಬ ಅಚ್ಚು ಪುಟದ ರಚನೆಗೂ ಅನ್ವಯಿಸುತ್ತದೆ. ತಲೆಪಟ್ಟಿ, ಪುಟಗಳ ಸೂಚಿ, ಅಡಿಬರೆಹ ಇವನ್ನು ಅಚ್ಚಿನಲ್ಲಿ ಕಟ್ಟಿ, ಪುಟದಿಂದ ಪುಟಕ್ಕೆ ಬದಲಾಗುವ ಭಾಗವನ್ನು ಮಾತ್ರ ತಿದ್ದಬಹುದಾದ ಪ್ರದೇಶವೆಂದು ಗುರುತಿಸಬೇಕು. ಅಚ್ಚನ್ನು ತಿದ್ದಿ ಉಳಿಸಿದಾಗ ಅದರಿಂದಾದ ಪುಟಗಳನ್ನೂ ಹೊಸದಾಗಿಸಲೇ ಎಂದು ತಂತ್ರಾಂಶ ಕೇಳುತ್ತದೆ. ಈ ಅಚ್ಚುಗಳು ಮೂಲ ಫೋಲ್ಡರಿನೊಳಗೆ ಟೆಂಪ್ಲೇಟ್ಸ್ ಎಂಬ ಉಪಫೋಲ್ಡರಿನಲ್ಲಿರುತ್ತವೆ. ಅದನ್ನು ಅಲ್ಲಿಂದ ಕದಲಿಸಕೂಡದು.

ಇಲ್ಲಿ ನಮ್ಮ ಮೊದಲ ಪ್ರಶ್ನೆಯನ್ನು ಮತ್ತೆ ಕೇಳಬೇಕು. ನಾಳೆ ಡ್ರೀಮ್‌ವೀವರು ಇಲ್ಲವಾದರೆ ಈ ಪುಟಗಳ ಗತಿಯೇನು? ಅಚ್ಚಿನ ಗುರುತುಗಳನ್ನು ತಂತ್ರಾಂಶವು ಪುಟದೊಳಗೆ ಟಿಪ್ಪಣಿಗಳ ರೂಪದಲ್ಲಿ ಬರೆದಿಡುತ್ತದೆ. ಬ್ರೌಸರು ಟಿಪ್ಪಣಿಗಳನ್ನು ಓದದೆ ದಾಟಿಹೋಗುವುದರಿಂದ ಪುಟಕ್ಕೆ ಯಾವ ಬಾಧೆಯೂ ಇಲ್ಲ. ಒಮ್ಮೆಗೇ ಎಲ್ಲ ಪುಟಗಳನ್ನು ತಿದ್ದುವ ಸೌಕರ್ಯ ಹೋದೀತು. ಪುಟ ಉಳಿಯುತ್ತದೆ, ಸಾದಾ ನೋಟ್‌ಪ್ಯಾಡಿನಲ್ಲಿಯೂ ತಿದ್ದಲು ಬರುತ್ತದೆ. ಫ್ರಂಟ್‌ಪೇಜಿನ ಎಣಿಕೆಯ ಫಲಕಕ್ಕೂ ಇದಕ್ಕೂ ಇರುವ ಭೇದ ಇದೇ.

ಕನ್ನಡಿಗರಿಗೆ ಇವೆಲ್ಲಕ್ಕಿಂತ ಹತ್ತಿರದ ವಿಷಯವೊಂದಿದೆ. ಅದು ಲಿಪಿಯ ವಿಷಯ. ಗಣಕವು ಅಕ್ಷರವನ್ನು ಅಕ್ಷರವಾಗಿ ಅರಿಯದು, ಸಂಖ್ಯೆಯಾಗಿ ಅರಿಯುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆಯೆಂಬ ಒಪ್ಪಂದ ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ಒಬ್ಬರು ಬರೆದದ್ದನ್ನು ಮತ್ತೊಬ್ಬರು ಓದಬಹುದು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ೧೨೮ ಸ್ಥಾನಗಳ ಒಂದು ಖಂಡವನ್ನು ಮೀಸಲಿಟ್ಟಿದ್ದರು. ಆದರೆ ಯಂತ್ರಗಳು ಅದನ್ನು ಸರಿಯಾಗಿ ತೋರಿಸುವ ಸಾಮರ್ಥ್ಯವನ್ನು ಪಡೆಯಲು ಬಹಳ ವರ್ಷಗಳು ಬೇಕಾದವು. ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಬಂದುದೇ ೨೦೦೧ರಲ್ಲಿ. ಅಲ್ಲಿಯವರೆಗೆ, ಅದರ ಅನಂತರವೂ ಬಹುಕಾಲ, ನಮ್ಮವರು ಒಂದು ಜಾಣ್ಮೆಯಿಂದ ಕಾರ್ಯ ಸಾಧಿಸಿದರು. ರೋಮನ್ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು, ಅಕ್ಷರಶೈಲಿಯಲ್ಲಿ ಆ ಸಂಖ್ಯೆಗಳಿಗೆ ಕನ್ನಡದ ತುಣುಕುಗಳ ಚಿತ್ರವನ್ನು ಬರೆದರು. ೧೯೯೮ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಇವುಗಳ ಮೊದಲ ದಿನಗಳ ಅಕ್ಷರಶೈಲಿಗಳು ಇಂಥವು. ಕನ್ನಡವನ್ನು ಗಣಕಕ್ಕೆ ತಂದ ಅವುಗಳ ಉಪಕಾರ ದೊಡ್ಡದು; ಯೂನಿಕೋಡಿನ ದಾರಿಯನ್ನೂ ಅವು ಮುಂದೆ ತೆರೆದವು.

ಆದರೆ ಆ ಜಾಣ್ಮೆಗೆ ಒಂದು ಬೆಲೆಯಿತ್ತು. ಹಾಗೆ ಬರೆದ ಪುಟವನ್ನು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಕನ್ನಡವಲ್ಲ, ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿ. ಹುಡುಕುವ ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯದು. ದೃಷ್ಟಿಹೀನರಿಗಾಗಿ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ತಿಳಿಯದು. ಓಲೆಗರಿಯ ಕಟ್ಟಿನ ದಾರ ಹರಿದರೆ ಗರಿಗಳ ಮೇಲಿನ ಸಂಖ್ಯೆಯನ್ನು ನೋಡಿ ಜೋಡಿಸಬಹುದು, ಹುಳು ತಿಂದಲ್ಲಿ ಅರ್ಥವನ್ನು ಊಹಿಸಬಹುದು. ಇಲ್ಲಿ ಒಂದಕ್ಷರವೂ ನಷ್ಟವಾಗದೆ ಇಡೀ ಬರೆಹವೇ ಮೂಕವಾಗುತ್ತದೆ. ಹಳೆಯ ಸಂಚಿಕೆಗಳ ಲೇಖನಗಳು ಇಂಥ ಕಡತಗಳಲ್ಲಿದ್ದರೆ, ಅವನ್ನು ಓದಬಲ್ಲ ಅಕ್ಷರಶೈಲಿ ಇನ್ನೂ ಕೈಯಲ್ಲಿರುವಾಗಲೇ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದು, ಮುದ್ರಿತ ಪ್ರತಿಯೊಡನೆ ಸಾಲು ಸಾಲಾಗಿ ತಾಳೆನೋಡಬೇಕು. ಒತ್ತಕ್ಷರ ಹಾಗೂ ಅರ್ಕಾವೊತ್ತುಗಳ ಕಡೆಗೆ ಹೆಚ್ಚಿನ ಗಮನವಿರಲಿ. ಈ ಕೆಲಸಕ್ಕೆ ತಾಣದ ವಿನ್ಯಾಸಕ್ಕಿಂತ ಹೆಚ್ಚು ಸಮಯ ಹಿಡಿದರೆ ಅದು ವ್ಯರ್ಥವಾದ ಸಮಯವೇನೂ ಅಲ್ಲ.

ಹೊಸದಾಗಿ ಬರೆಯುವವರಿಗೆ ಕಷ್ಟವಿಲ್ಲ. ತಂತ್ರಾಂಶದ ಆದ್ಯತೆಗಳ ಪಟ್ಟಿಯಲ್ಲಿ ಹೊಸ ಕಡತಗಳ ಸಂಕೇತಪದ್ಧತಿಯನ್ನು ಯುಟಿಎಫ್-೮ ಎಂದು ಗೊತ್ತುಮಾಡಬೇಕು. ಆಗ ಪುಟದ ತಲೆಭಾಗದಲ್ಲಿ ಆ ಸಂಕೇತವನ್ನು ಸಾರುವ ಸಾಲೊಂದು ಬರುತ್ತದೆ. ಅದು ಆರಂಭದಲ್ಲಿಯೇ, ಕಡತದ ಮೊದಲ ೧೦೨೪ ಬೈಟುಗಳೊಳಗೆ ಇರಬೇಕೆಂಬುದು ನಿಯಮ. ಈ ಪದ್ಧತಿಯಲ್ಲಿ ಕನ್ನಡದ ಒಂದೊಂದು ಘಟಕವೂ ಮೂರು ಬೈಟುಗಳನ್ನು ಹಿಡಿಯುತ್ತದೆ. "ಕನ್ನಡ" ಎಂಬ ಶಬ್ದದಲ್ಲಿ ಕ, ನ, ವಿರಾಮ, ನ, ಡ ಎಂದು ಐದು ಘಟಕಗಳು, ಹದಿನೈದು ಬೈಟುಗಳು. ಪುಟದ ಭಾಷೆ ಕನ್ನಡವೆಂದು ತಿಳಿಸುವ ಕೆಎನ್ ಎಂಬ ಗುರುತನ್ನೂ ಸೇರಿಸಿದರೆ ಓದಿ ಹೇಳುವ ತಂತ್ರಾಂಶವು ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಬಲ್ಲದು. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಹೆಚ್ಚಾಗಿ, ಅಕ್ಷರದ ಗಾತ್ರದ ಒಂದೂವರೆ ಪಾಲಿಗೂ ತುಸು ಮೇಲೆ ಇಡಬೇಕು. ಇಲ್ಲವಾದರೆ ಒಂದು ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ತಂತ್ರಾಂಶದೊಡನೆ ಬರುವ ಸಿದ್ಧ ವಿನ್ಯಾಸಗಳು ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವುಗಳಾದುದರಿಂದ ಈ ತಿದ್ದುಪಡಿ ಪ್ರಾಯಶಃ ಪ್ರತಿ ಸಲವೂ ಬೇಕಾಗುತ್ತದೆ.

ತಾಣ ಬೆಳೆದಂತೆ ಕಡತಗಳ ಹೆಸರು ಬದಲಿಸುವ, ಸ್ಥಳ ಬದಲಿಸುವ ಸಂದರ್ಭ ಬರುತ್ತದೆ. ಆಗ ವಿಂಡೋಸಿನ ಕಿಟಕಿಯಲ್ಲಿ ಹೋಗಿ ಬದಲಿಸಕೂಡದು. ಡ್ರೀಮ್‌ವೀವರಿನ "ಫೈಲ್ಸ್" ಫಲಕದಲ್ಲಿಯೇ ಬದಲಿಸಬೇಕು. ಅಲ್ಲಿ ಬದಲಿಸಿದರೆ, ಆ ಕಡತವನ್ನು ಕರೆಯುವ ಎಲ್ಲ ಪುಟಗಳ ಪಟ್ಟಿಯನ್ನು ಮುಂದಿಟ್ಟು ಕೊಂಡಿಗಳನ್ನು ತಿದ್ದಲೇ ಎಂದು ಅದು ಕೇಳುತ್ತದೆ. ಹೊರಗೆ ಬದಲಿಸಿದರೆ ಅದಕ್ಕೆ ಸುದ್ದಿಯೇ ತಿಳಿಯದು. ಆದರೆ ತಾಣವು ಒಮ್ಮೆ ಲೋಕಕ್ಕೆ ತೆರೆದುಕೊಂಡ ಮೇಲೆ ವಿಳಾಸವನ್ನು ಬದಲಿಸದಿರುವುದೇ ಲೇಸು. ನಮ್ಮ ಪುಟಗಳ ಕೊಂಡಿಯನ್ನು ನಾವು ತಿದ್ದಬಹುದು. ಪರರು ತಮ್ಮ ಪುಟದಲ್ಲಿ, ಪತ್ರದಲ್ಲಿ, ಪುಸ್ತಕದಲ್ಲಿ ಬರೆದುಕೊಂಡ ವಿಳಾಸವನ್ನು ತಿದ್ದುವವರು ಯಾರು? ಬರ್ನರ್ಸ್-ಲೀ ಅವರು ೧೯೯೮ರಲ್ಲಿ ಈ ವಿಷಯದ ಮೇಲೆಯೇ ಒಂದು ಪ್ರಬಂಧವನ್ನು ಬರೆದಿದ್ದಾರೆ. ಪುಟದ ವಿಳಾಸದಲ್ಲಿ ಕಾಲಕ್ರಮದಲ್ಲಿ ಬದಲಾಗುವ ಲೇಖಕರ ಹೆಸರು, ತಂತ್ರಾಂಶದ ಗುರುತು, "ಇತ್ತೀಚಿನ" ಎಂಬಂಥ ಶಬ್ದಗಳು ಇರಬಾರದೆಂಬುದು ಅದರ ಒಂದು ಮುಖ್ಯ ಅಂಶ. ನಮ್ಮ ಗ್ರಂಥಾಲಯದ ತಾಣದಲ್ಲಿ ಹೊಸ ಪುಸ್ತಕಗಳ ಪುಟಕ್ಕೆ "ಹೊಸದು" ಎಂಬ ಹೆಸರಿಗೆ ಬದಲಾಗಿ ಆಯಾ ವರ್ಷದ ಸಂಖ್ಯೆಯನ್ನೇ ಇಟ್ಟರೆ, ಮುಂದಿನ ವರ್ಷ ಅದನ್ನು ಅಳಿಸದೆ ಪಕ್ಕದಲ್ಲಿ ಇನ್ನೊಂದನ್ನು ಇಡಬಹುದು.

ತಾಣವನ್ನು ಸರ್ವರಿಗೆ ಕಳುಹಿಸುವ ಮುನ್ನ ಇಡೀ ತಾಣದ ಕೊಂಡಿಗಳನ್ನು ಪರೀಕ್ಷಿಸುವ ಆಜ್ಞೆಯನ್ನು ಕೊಡಬೇಕು. ಮುರಿದ ಕೊಂಡಿಗಳು, ಹೊರಗಿನ ಕೊಂಡಿಗಳು, ಅನಾಥ ಕಡತಗಳು ಎಂದು ಮೂರು ಪಟ್ಟಿಗಳು ಬರುತ್ತವೆ. ಯಾವ ಪುಟವೂ ಕರೆಯದ ಕಡತವೇ ಅನಾಥ ಕಡತ. ಹೊರಗಿನವನ್ನು ಅದು ಪಟ್ಟಿಮಾಡುತ್ತದೆಯಲ್ಲದೆ ಪರೀಕ್ಷಿಸುವುದಿಲ್ಲವಾದುದರಿಂದ ಒಂದೊಂದನ್ನೂ ನಾವೇ ತೆರೆದು ನೋಡಬೇಕು. ಮೊಬೈಲಿನ ಪರದೆಯ ಅಗಲಕ್ಕೆ ಪುಟ ಹೊಂದಿಕೊಳ್ಳಲು ತಲೆಭಾಗದಲ್ಲಿ ವ್ಯೂಪೋರ್ಟ್ ಎಂಬ ಸಾಲು ಇದೆಯೇ ಎಂಬುದನ್ನೂ ನೋಡತಕ್ಕದ್ದು. ಇದಾದ ಮೇಲೆ ಒಂದು ಸರಳ ಪರೀಕ್ಷೆ: ಮೂಲ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲುಮಾಡಿ, ಡ್ರೀಮ್‌ವೀವರೂ ಇಲ್ಲದ, ಅಂತರ್ಜಾಲವೂ ಇಲ್ಲದ ಬೇರೊಂದು ಯಂತ್ರದಲ್ಲಿ ಮುಖಪುಟವನ್ನು ತೆರೆಯುವುದು. ಎಲ್ಲ ಪುಟಗಳೂ ಚಿತ್ರಗಳೂ ಅಲ್ಲಿ ಕಂಡರೆ ವ್ಯವಸ್ಥೆ ಸರಿಯಾಗಿದೆಯೆಂದು ತಿಳಿಯಬಹುದು. ಎಲ್ಲಿಯಾದರೂ ಚಿತ್ರದ ಜಾಗದಲ್ಲಿ ಬರಿಯ ಚೌಕ ಕಂಡರೆ, ಮೇಲೆ ಥಳುಕು ಒಳಗೆ ಹುಳುಕು ಎಂಬ ಗಾದೆ ನಮಗೂ ಅನ್ವಯಿಸಿತು.

ಸರ್ವರಿನಲ್ಲಿಯೂ ಇದೇ ಫೋಲ್ಡರುಗಳ ಕ್ರಮ ಹಾಗೆಯೇ ಪ್ರತಿಬಿಂಬಿಸಬೇಕು. ತಿದ್ದುವ ಕೆಲಸವೆಲ್ಲ ಮನೆಯ ಪ್ರತಿಯಲ್ಲಿ ನಡೆದು, ಸರ್ವರಿಗೆ ಹೋಗುವುದು ಅದರ ನಕಲು ಮಾತ್ರವಾಗಿರಬೇಕು. ಇಬ್ಬರು ಮೂವರು ಸೇರಿ ಕೆಲಸಮಾಡುವುದಾದರೆ, ಗ್ರಂಥಾಲಯದಿಂದ ಪುಸ್ತಕವನ್ನು ಎರವಲು ಪಡೆಯುವಂತೆ ಕಡತವನ್ನು ತನ್ನ ಹೆಸರಿಗೆ ಬರೆಸಿಕೊಂಡು ತಿದ್ದಿ ಹಿಂದಿರುಗಿಸುವ ಏರ್ಪಾಡು ಡ್ರೀಮ್‌ವೀವರಿನಲ್ಲಿಯೇ ಉಂಟು. ಒಬ್ಬನ ತಿದ್ದುಪಡಿಯ ಮೇಲೆ ಮತ್ತೊಬ್ಬನು ಹಳೆಯ ಪ್ರತಿಯನ್ನು ಹೇರುವ ಅಪಾಯವನ್ನು ಅದು ತಪ್ಪಿಸುತ್ತದೆ.

ಕಡೆಯದಾಗಿ ಒಂದು ವ್ಯಾವಹಾರಿಕ ಸಂಗತಿ. ತಾಣದ ಹೆಸರು ಕೊಂಡ ಆಸ್ತಿಯಲ್ಲ. ವರ್ಷಕ್ಕೊಮ್ಮೆಯೋ, ಹೆಚ್ಚೆಂದರೆ ಹತ್ತು ವರ್ಷಗಳಿಗೊಮ್ಮೆಯೋ ಶುಲ್ಕ ಕಟ್ಟಿ ನವೀಕರಿಸಬೇಕಾದ ಗುತ್ತಿಗೆ. ನವೀಕರಿಸದಿದ್ದರೆ ಅದು ಪರರ ಪಾಲಾಗಬಹುದು. ಶಾಲೆಗಳಲ್ಲಿ ತಾಣವನ್ನು ಕಟ್ಟಿದ ಅಧ್ಯಾಪಕರು ವರ್ಗವಾಗಿ ಹೋಗುತ್ತಾರೆ, ವಿದ್ಯಾರ್ಥಿಗಳು ತೇರ್ಗಡೆಯಾಗಿ ಹೋಗುತ್ತಾರೆ. ಶುಲ್ಕದ ನೆನಪೋಲೆ ಅವರ ಹಳೆಯ ಇ-ಅಂಚೆಗೆ ಬರುತ್ತಿರುತ್ತದೆ. ಆದುದರಿಂದ ಹೆಸರನ್ನು ವ್ಯಕ್ತಿಯ ಹೆಸರಿನಲ್ಲಿ ಅಲ್ಲದೆ ಸಂಸ್ಥೆಯ ಹೆಸರಿನಲ್ಲಿ ನೋಂದಾಯಿಸಬೇಕು. ಮೂಲ ಫೋಲ್ಡರಿನಲ್ಲಿ ಏನೇನು ಎಲ್ಲೆಲ್ಲಿದೆ, ಬಳಸಿದ ತಂತ್ರಾಂಶ ಯಾವುದು, ಅದರ ಆವೃತ್ತಿ ಯಾವುದು, ತಾಣದ ಹೆಸರು ಎಲ್ಲಿ ನೋಂದಣಿಯಾಗಿದೆ, ಶುಲ್ಕದ ಗಡುವು ಯಾವ ದಿನ, ಗುಪ್ತಪದದ ಲಕೋಟೆ ಯಾರ ವಶದಲ್ಲಿದೆ ಎಂಬುದನ್ನು ಒಂದು ಪುಟದಷ್ಟು ಸಾದಾ ಟಿಪ್ಪಣಿಯಾಗಿ ಬರೆದು, ಪ್ರತಿ ವರ್ಷ ಇಡೀ ಫೋಲ್ಡರಿನ ಎರಡು ನಕಲುಗಳನ್ನು ತೆಗೆದು ಬೇರೆ ಬೇರೆ ಕಡೆ ಇರಿಸಬೇಕು. ಆ ಟಿಪ್ಪಣಿಯನ್ನು ಕಾಗದದ ಮೇಲೆ ಅಚ್ಚುಮಾಡಿ ಗ್ರಂಥಾಲಯದ ದಾಖಲಾತಿ ಪುಸ್ತಕದ ಒಳರಕ್ಷಾಪುಟಕ್ಕೆ ಅಂಟಿಸಿಡಬಹುದು. ಹೊಸದಾಗಿ ಬಂದ ಗ್ರಂಥಪಾಲಕರು ಮೊದಲ ದಿನ ತೆರೆದು ನೋಡುವುದು ಆ ಪುಸ್ತಕವನ್ನೇ.